ಹಗ್ಗ ಹಿಡಿಯುವವರ ನೆಪಗಳು

ನಮ್ಮ ಭಾಷೆಯಲ್ಲಿ ಕಾರಣಕ್ಕಿರುವುದಕ್ಕಿಂತ ನೆಪಕ್ಕಿರುವ ಹೆಸರುಗಳೇ ಹೆಚ್ಚೆಂದು ತೋರುತ್ತದೆ. ನೆಪ, ನೆವ, ಸಬೂಬು, ಪಿಳ್ಳೆನೆವ, ಕುಂಟುನೆಪ ಎಂದು ಒಂದೊಂದಕ್ಕೂ ಒಂದೊಂದು ಬಣ್ಣವಿದೆ. ಸಬೂಬು ಕಚೇರಿಗಳಲ್ಲಿ ಸಿಗುವ ಸರಕು. ಪಿಳ್ಳೆನೆವ ಶಾಲೆಗೆ ಹೋಗಲೊಲ್ಲದ ಮಕ್ಕಳದು. ಕುಂಟುನೆಪವಾದರೋ ಹೇಳುವವನ ಬಾಯಿಂದ ಹೊರಟು ಕೇಳುವವನ ಕಿವಿಯನ್ನು ಮುಟ್ಟುವಷ್ಟರಲ್ಲಿಯೇ ಎರಡು ಬಾರಿ ಎಡವಿರುತ್ತದೆ. ಬೆಟ್ಟ ಹತ್ತಲು ಹೊರಟವರ ನಡುವೆ ಇಂಥ ನೆಪಗಳೇ ಹೆಚ್ಚಾಗಿ ಹುಟ್ಟುವುದು ಒಂದು ವಿನೋದ. ಆ ವಿನೋದವನ್ನು ಬಹುಕಾಲ ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆತಿದೆ.

ಧರ್ಮ ನೀತಿಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಬಂಡೆ ಹತ್ತುವವರ ನೆಪಗಳಿಗೆ ಏನು ಸ್ಥಾನವೆಂದು ಓದುಗರು ಕೇಳಬಹುದು. ಬಸದಿಯ ಆಡಳಿತ ಮಂಡಳಿಯ ಸಭೆಗೆ ಕೋರಂ ಕೂಡದೆ ಒಂದು ಗಂಟೆ ಕಾದು ಕುಳಿತ ಹಿರಿಯರು ಹಾಗೆ ಕೇಳಲಾರರೆಂಬ ಧೈರ್ಯ ನನಗಿದೆ.

ನಾನು ಪೀಣ್ಯದ ಎರಡನೆಯ ಹಂತದಲ್ಲಿರುವ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕ. 1970ರ ದಶಕದಲ್ಲಿ ತುಮಕೂರು ರಸ್ತೆಯ ಬದಿಯಲ್ಲಿ ತಲೆಯೆತ್ತಿದ ಈ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ನಮ್ಮಂಥ ಸಣ್ಣವೇ ಹೆಚ್ಚು. ಲೇತ್ ಯಂತ್ರದವರು, ಪವರ್ ಪ್ರೆಸ್ಸಿನವರು, ಟೂಲ್ ರೂಮಿನವರು, ಪ್ಲೇಟಿಂಗ್‌ನವರು ಒಂದೇ ಬೀದಿಯಲ್ಲಿ ಒಬ್ಬರಿಗೊಬ್ಬರು ಕೆಲಸ ಒಪ್ಪಿಸುತ್ತ ಬದುಕುತ್ತಾರೆ. ಹೀಗೆ ಪರಿಚಿತರಾದ ನಾವು ಏಳೆಂಟು ಮಂದಿ, ಭಾನುವಾರಗಳಂದು ಹಗ್ಗ ಕಟ್ಟಿಕೊಂಡು ಬಂಡೆಗಳನ್ನು ಏರುವ ಹವ್ಯಾಸವನ್ನು ಹಚ್ಚಿಕೊಂಡೆವು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಮೆಟ್ಟಿಲುಗಳ ಮೇಲೆ ಏರಿದವರಿಗೆ ಕರ್ನಾಟಕದ ಬಂಡೆಯ ಸ್ವಭಾವ ಪಾದಗಳಿಂದಲೇ ಗೊತ್ತು. ಬಿಸಿಲಿಗೆ ಅದು ಕಾಯುವ ಬಗೆಯೂ ಗೊತ್ತು. ನಾವು ಏರುವುದು ಅಂಥ ಬಂಡೆಯನ್ನೇ. ಆದರೆ ಮೆಟ್ಟಿಲುಗಳಿಲ್ಲದ ಕಡೆ.

ನಮ್ಮ ಬಂಡೆಗಳು ಮುಖ್ಯವಾಗಿ ಎರಡು ಊರುಗಳವು. ಒಂದು, 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದ ಊರಿಗೆಲ್ಲ ಪರಿಚಿತವಾದ ರಾಮನಗರ. ಅಲ್ಲಿನ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತಾದ್ದರಿಂದ ಅದರ ತಂಟೆಗೆ ನಾವು ಹೋಗುವುದಿಲ್ಲ. ಸುತ್ತಮುತ್ತಲ ಬೇರೆ ಬಂಡೆಗಳು ನಮಗೆ ಬೇಕಾದಷ್ಟಿವೆ. ಇನ್ನೊಂದು ಮಾಗಡಿಯ ಬಳಿಯ ಸಾವನದುರ್ಗ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳುಳ್ಳ ಈ ಬೆಟ್ಟ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದಲ್ಲಿದೆ. ಅದರ ನುಣುಪಾದ ಮೈಯ ಮೇಲೆ ಏರುವವರು ಗುರುತಿಸಿಕೊಂಡ ದಾರಿಗಳಿವೆ, ಅವುಗಳಿಗೆ ‘ಬೆಳದಿಂಗಳು’, ‘ದೀಪಾವಳಿ’ ಮುಂತಾದ ಹೆಸರುಗಳಿವೆ. ಹೆಸರು ಕೇಳಿದರೆ ಹಬ್ಬಕ್ಕೆ ಕರೆದಂತಿರುತ್ತದೆ. ಬುಡದಲ್ಲಿ ನಿಂತು ಮೇಲೆ ನೋಡಿದಾಗ ಆ ಭಾವನೆ ಉಳಿಯುವುದಿಲ್ಲ.

ಈ ಆಟದ ನಿಯಮವನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಬಂಡೆ ಏರುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಂಡೆಯಲ್ಲಿ ಅಲ್ಲಲ್ಲಿ ಕೂರಿಸಿದ ಬೋಲ್ಟುಗಳಿಗೆ ಕೊಂಡಿಯ ಮೂಲಕ ಆ ಹಗ್ಗವನ್ನು ಸಿಕ್ಕಿಸುತ್ತ ಹೋಗುತ್ತಾನೆ. ಹಗ್ಗದ ಇನ್ನೊಂದು ಭಾಗ ಕೆಳಗೆ ನಿಂತ ಜೊತೆಗಾರನ ಸೊಂಟದ ಬಳಿಯ ಒಂದು ಸಣ್ಣ ಲೋಹದ ಸಾಧನದ ಮೂಲಕ ಹಾದು ಅವನ ಕೈಯಲ್ಲಿರುತ್ತದೆ. ಇದಕ್ಕೆ ಬಿಲೇ ಹಿಡಿಯುವುದು ಎನ್ನುತ್ತಾರೆ. ಮೇಲಿನವನು ಏರಿದಂತೆ ಹಗ್ಗವನ್ನು ಬಿಡಬೇಕು. ಅವನು ಜಾರಿದ ಕ್ಷಣದಲ್ಲಿ ಕೆಳಮುಖವಾಗಿ ಎಳೆದು ಬಿಗಿಹಿಡಿಯಬೇಕು. ಮಾರುಕಟ್ಟೆಗೆ ಬರುವ ಮುನ್ನ ಇಂಥ ಹಗ್ಗದ ಮಾದರಿಗೆ ಕಠಿಣ ಪರೀಕ್ಷೆಯಿದೆ: 80 ಕಿಲೋಗ್ರಾಂ ಭಾರ ಬೀಳುವ ಹೊಡೆತವನ್ನು ಅದು ಕನಿಷ್ಠ ಐದು ಬಾರಿ ತುಂಡಾಗದೆ ತಾಳಿಕೊಳ್ಳಬೇಕು. ಹಗ್ಗ ಹಿಡಿಯುವ ಮನುಷ್ಯನಿಗೆ ಅಂಥ ಮುದ್ರೆಯನ್ನು ಒತ್ತುವವರು ಯಾರೂ ಇಲ್ಲ. ಅವನ ಮಾತೇ ಅವನ ಪ್ರಮಾಣಪತ್ರ.

ಆದ್ದರಿಂದ ಜೊತೆಗಾರ ಬಾರದಿದ್ದರೆ ಕೇವಲ ಬೇಸರವಾಗುವುದಲ್ಲ, ಆ ದಿನವೇ ಮುಗಿದಂತೆ. ಬೇಸಿಗೆಯಲ್ಲಿಯಂತೂ ಒಂಬತ್ತರ ಹೊತ್ತಿಗೆ ಬಂಡೆ ಕಾಯತೊಡಗುವುದರಿಂದ ನಾವು ಬೆಳಗಿನ ಐದಕ್ಕೆ ಜಾಲಹಳ್ಳಿ ಕ್ರಾಸಿನಲ್ಲಿ ಕೂಡಬೇಕು. ಮಾಗಿಯ ಚಳಿಯಲ್ಲಿ, ಲಾರಿಗಳ ಸದ್ದಿನ ನಡುವೆ, ಹಗ್ಗದ ಚೀಲವನ್ನು ಬೆನ್ನಿಗೇರಿಸಿ ನಿಂತಿರುವಾಗ 4.55ಕ್ಕೆ ಮೊಬೈಲು ಗುಣುಗುಟ್ಟಿತೆಂದರೆ ಅದು ನೆಪವೇ ಎಂದು ತೆರೆದು ನೋಡದೆಯೇ ತಿಳಿಯುತ್ತಿತ್ತು.

ನಮ್ಮ ಟೂಲ್ ರೂಮಿನ ಹಿರಿಯ ಗೆಳೆಯರೊಬ್ಬರು ಈ ನೆಪಗಳನ್ನೆಲ್ಲ ಒಂದು ಇನ್ನೂರು ಪುಟದ ನೋಟು ಪುಸ್ತಕದಲ್ಲಿ ದಾಖಲಿಸತೊಡಗಿದರು. ದಿನಾಂಕ, ಹೋಗಬೇಕಾಗಿದ್ದ ಬೆಟ್ಟ, ತಪ್ಪಿಸಿಕೊಂಡವರ ಅಡ್ಡಹೆಸರು, ನೆಪ ಎಂದು ನಾಲ್ಕು ಅಂಕಣಗಳು. ಪ್ರತಿ ವರ್ಷ ಆಯುಧಪೂಜೆಯ ದಿನ, ಯಂತ್ರಗಳಿಗೆ ಕುಂಬಳಕಾಯಿ ಒಡೆದಾದ ಮೇಲೆ, ಆ ವರ್ಷದ ಶ್ರೇಷ್ಠ ನೆಪಕ್ಕೆ ಒಂದು ಸ್ಟೀಲ್ ಲೋಟವನ್ನು ಬಹುಮಾನವಾಗಿ ಕೊಡುವ ಪದ್ಧತಿಯೂ ಬೆಳೆಯಿತು. ಒಂದು ನಿಯಮ ಮಾತ್ರ ಕಟ್ಟುನಿಟ್ಟಾಗಿತ್ತು: ಯಾರೂ ತಮ್ಮ ಅಜ್ಜಿಯನ್ನು ಸಾಯಿಸುವಂತಿಲ್ಲ. ಅದು ಹಿಂಸೆ, ಮೇಲಾಗಿ ಹಳೆಯ ನೆಪ.

ಆ ಪುಸ್ತಕದ ಕೆಲವು ನಮೂದುಗಳು ಇಂದಿಗೂ ನನಗೆ ಬಾಯಿಪಾಠ. ರಾಹುಕಾಲದಲ್ಲಿ ಹೊರಡಬಾರದೆಂದು ತಾಯಿ ತಡೆದರೆಂದು ಒಬ್ಬ ತಿಳಿಸಿದ್ದ. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರರವರೆಗೆ ಎಂಬುದು ದಿಟವೇ. ಅದು ಸಂಜೆಯ ನಾಲ್ಕೂವರೆ ಎಂದು ಯಾರೋ ನೆನಪಿಸಿದಾಗ, ತಾಯಿಗೆ ಗಡಿಯಾರ ನೋಡಲು ಬರುವುದಿಲ್ಲವೆಂಬ ಎರಡನೆಯ ನೆಪ ಬಂದಿತು. ಪೀಣ್ಯದ ಮೇಲ್ಸೇತುವೆಯನ್ನು ಕೇಬಲುಗಳ ದೋಷದಿಂದಾಗಿ 2021ರ ಡಿಸೆಂಬರ್ ಕೊನೆಯಲ್ಲಿ ಮುಚ್ಚಿದರಷ್ಟೆ. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಅದು ತೆರೆಯಿತು. ಆದರೆ ನಮ್ಮ ಎಲೆಕ್ಟ್ರಿಷಿಯನ್ ಗೆಳೆಯನ ಪಾಲಿಗೆ ಅದು ಮತ್ತೆರಡು ವರ್ಷ ಮುಚ್ಚಿಯೇ ಇತ್ತು. ಅವನ ಮನೆ ಜಾಲಹಳ್ಳಿ ಕ್ರಾಸಿನಿಂದ ನಡೆದು ಬರುವಷ್ಟು ಹತ್ತಿರ.

ಕಾವೇರಿ ನೀರು ಬಂದಿದೆ, ಸಂಪು ತುಂಬಬೇಕು ಎಂಬುದು ಇನ್ನೊಬ್ಬನ ನಿತ್ಯದ ಪಲ್ಲವಿ. ದಾಸರಹಳ್ಳಿಯ ಕಡೆ ವಾಸಿಸುವವರು ಇದನ್ನು ನೆಪವೆಂದು ಒಪ್ಪಲಾರರು, ನಾನೂ ಒಪ್ಪಲಾರೆ. ರಾಮನಗರದಲ್ಲಿ ಹೆಜ್ಜೇನು ಎದ್ದಿದೆಯಂತೆ ಎಂದು ಮಲಗಿದಲ್ಲಿಂದಲೇ ಬೆಳಗಿನ ಜಾವ ಸುದ್ದಿ ಕೊಟ್ಟವನೂ ಇದ್ದ. ಕತ್ತಲಲ್ಲಿ ಜೇನು ಏಳುವುದನ್ನು ಅವನಿಗೆ ತಿಳಿಸಿದವರು ಯಾರೆಂದು ಗೊತ್ತಾಗಲಿಲ್ಲ. ಆ ಬಂಡೆಗಳಲ್ಲಿ ಹೆಜ್ಜೇನಿನ ಅಪಾಯ ಸುಳ್ಳಲ್ಲ. ಹಟ್ಟಿ ಕಂಡ ಕಡೆ ನಾವು ಸದ್ದಿಲ್ಲದೆ ದಾರಿ ಬದಲಿಸುತ್ತೇವೆ. ಆದ್ದರಿಂದಲೇ ಅದು ನೆಪಕ್ಕೆ ಒಳ್ಳೆಯ ಸಾಮಗ್ರಿ.

ನಮ್ಮೊಂದಿಗಿದ್ದ ಲೆಕ್ಕಪತ್ರ ನೋಡುವ ಯುವಕ ನಮ್ಮ ಸಮಾಜದವನೇ. ಅವನ ನೆಪಗಳಿಗೆ ಧಾರ್ಮಿಕ ಮೆರುಗಿರುತ್ತಿತ್ತು. ಚತುರ್ದಶಿಯ ಉಪವಾಸವೆಂದು ಒಮ್ಮೆ ಹೇಳಿದ. ಗೋಡೆಯ ಕ್ಯಾಲೆಂಡರಿನಲ್ಲಿ ಅಂದು ದಶಮಿ. ಉಪವಾಸಕ್ಕೆ ನಾಲ್ಕು ದಿನಗಳ ಪೂರ್ವಸಿದ್ಧತೆ ಬೇಕೆಂದು ವಾದಿಸಿದ. ಮತ್ತೊಮ್ಮೆ, ರಣಹದ್ದುಗಳು ಮೊಟ್ಟೆಯಿಡುವ ಕಾಲ, ಅವುಗಳ ಶಾಂತಿಗೆ ಭಂಗ ತರುವುದು ಅಹಿಂಸೆಗೆ ವಿರುದ್ಧವೆಂದು ದೀರ್ಘವಾಗಿ ಬರೆದು ಕಳಿಸಿದ. ಅಂದು ನಾವು ಹೊರಟಿದ್ದುದು ಸಾವನದುರ್ಗಕ್ಕೆ. ವ್ರತವನ್ನೂ ತತ್ತ್ವವನ್ನೂ ಹೀಗೆ ದುಡಿಸಿಕೊಳ್ಳುವುದು ನನಗೆ ಹಿಡಿಸಲಿಲ್ಲವಾದರೂ, ನಕ್ಕವರಲ್ಲಿ ನಾನೂ ಒಬ್ಬ.

ಆದರೆ ಸ್ಟೀಲ್ ಲೋಟಕ್ಕೆ ನಿಜವಾಗಿ ಅರ್ಹನಾದವನು ಲೇತ್ ಯಂತ್ರದ ಒಬ್ಬ ಯುವಕ. ಬಂಡೆ ಹತ್ತಲು ಬೇಕಾದ ಬಿಗಿಯಾದ ರಬ್ಬರ್ ತಳದ ಬೂಟುಗಳನ್ನು ಅವನ ಪತ್ನಿ ಹಳೆಯ ಬಟ್ಟೆಗಳೊಂದಿಗೆ ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಇಡ್ಲಿ ಪಾತ್ರೆ ತೆಗೆದುಕೊಂಡಳೆಂದು ತಿಳಿಸಿದ್ದ. ಪುರಾವೆಯಾಗಿ ಇಡ್ಲಿ ಪಾತ್ರೆಯ ಚಿತ್ರವನ್ನೂ ಕಳಿಸಿದ್ದ. ಮುಂದಿನ ವಾರ ಅವೇ ಬೂಟುಗಳನ್ನು ತೊಟ್ಟು ಬಂದಾಗ, ಪಾತ್ರೆಯವಳು ಮನನೊಂದು ಹಿಂದಿರುಗಿಸಿದಳೆಂದ. ಲೋಟ ಕೊಟ್ಟ ದಿನ ಎಲ್ಲರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವನೂ ನಕ್ಕ. ಆ ಬೀದಿಯ ನಾಲ್ಕು ಕಾರ್ಖಾನೆಗಳಲ್ಲಿ ಅವನಿಗೆ ‘ಇಡ್ಲಿ ಪಾತ್ರೆ’ ಎಂಬ ಹೆಸರೇ ನಿಂತುಹೋಯಿತು.

ನನ್ನ ವೃತ್ತಿಯೇ ದೋಷಗಳನ್ನು ಲೆಕ್ಕವಿಡುವುದು. ತಿಂಗಳ ಕೊನೆಯಲ್ಲಿ ರಿಜೆಕ್ಷನ್ ಪಟ್ಟಿಯನ್ನು ಹರಡಿಕೊಂಡು, ಯಾವ ಯಂತ್ರದಲ್ಲಿ, ಯಾವ ಪಾಳಿಯಲ್ಲಿ, ಯಾವ ಟೂಲ್ ಸವೆದಾಗ ಮಾಲು ಕೆಟ್ಟಿತೆಂದು ನೋಡುತ್ತೇನೆ. ಒಂದು ಮಳೆಯ ಭಾನುವಾರ ಆ ನೋಟು ಪುಸ್ತಕವನ್ನು ಅದೇ ಕಣ್ಣಿನಿಂದ ಓದಿದಾಗ ವಿನೋದದ ಕೆಳಗೆ ಬೇರೊಂದು ಕಾಣಿಸಿತು. ನೆಪಗಳು ವರ್ಷವಿಡೀ ಸಮನಾಗಿ ಚೆಲ್ಲಿರಲಿಲ್ಲ. ತಿಂಗಳ ಕೊನೆಯ ಡಿಸ್ಪ್ಯಾಚಿನ ಒತ್ತಡದ ವಾರಗಳಲ್ಲಿ ಅವು ದಟ್ಟವಾಗಿದ್ದವು. ಪವರ್ ಪ್ರೆಸ್ಸಿನ ನಮ್ಮ ಗೆಳೆಯ, ನಮ್ಮೆಲ್ಲರಲ್ಲಿ ಕಟ್ಟುಮಸ್ತಾದ ಆಳು, ರಾಮನಗರಕ್ಕೆ ಎಂದೂ ತಪ್ಪಿಸಿದವನಲ್ಲ; ಸಾವನದುರ್ಗದ ಉದ್ದನೆಯ ದಾರಿಗಳ ಮಾತು ಬಂದಾಗಲೆಲ್ಲ ಅವನ ಬೈಕು ಪಂಕ್ಚರ್ ಆಗುತ್ತಿತ್ತು. ಒಮ್ಮೆ ಎರಡೂ ಚಕ್ರಗಳು. ಹೊಸ ಬೋಲ್ಟು, ಕೊಂಡಿಗಳಿಗಾಗಿ ಹಣ ಹಂಚಿ ಹಾಕಬೇಕಾದ ತಿಂಗಳುಗಳಲ್ಲಿ ಬೇರೆ ಇಬ್ಬರು ಕಾಣೆಯಾಗುತ್ತಿದ್ದರು. ದಣಿವು, ಭಯ, ಕೈಯಲ್ಲಿ ಕಾಸಿಲ್ಲದಿರುವುದು: ಆ ಇನ್ನೂರು ಪುಟಗಳಲ್ಲಿ ಈ ಮಾತುಗಳು ಒಮ್ಮೆಯೂ ಬಂದಿರಲಿಲ್ಲ. ಹೆಜ್ಜೇನು ಬಂದಿತ್ತು, ರಾಹು ಬಂದಿದ್ದ, ಇಡ್ಲಿ ಪಾತ್ರೆ ಬಂದಿತ್ತು.

ಗಂಡಸಿಗೆ ‘ನನಗೆ ಭಯ’ ಎನ್ನುವುದಕ್ಕಿಂತ ‘ನನ್ನ ಬೈಕಿಗೆ ಪಂಕ್ಚರ್’ ಎನ್ನುವುದು ಏಕೆ ಸುಲಭವೆಂದು ವಿಚಾರಿಸಬೇಕಾಗಿದೆ. ಬೆಟ್ಟಗಳ ಚರಿತ್ರೆಯಲ್ಲಿ ದೊಡ್ಡವರು ಹಾಗಿರಲಿಲ್ಲ. ಸ್ವೀಡನ್ನಿನ ಯೋರಾನ್ ಕ್ರೊಪ್ 1995ರ ಅಕ್ಟೋಬರಿನಲ್ಲಿ ತನ್ನ ದೇಶದಿಂದ ಸೈಕಲ್ ತುಳಿಯುತ್ತ ಎವರೆಸ್ಟಿಗೆ ಹೊರಟ. 1996ರ ಮೇ 3ರಂದು, ಕೃತಕ ಆಮ್ಲಜನಕವಿಲ್ಲದೆ, ಶಿಖರಕ್ಕೆ ಸುಮಾರು 100 ಮೀಟರ್ ಮಾತ್ರ ಉಳಿದಿರುವಾಗ ಹಿಂದಿರುಗಿದ. ಹಿಮ ಆಳವಾಗಿತ್ತು, ಹೊತ್ತು ಮೀರಿತ್ತು; ಮುಂದೆ ಹೋದರೆ ಇಳಿಯಲು ಆಗದೆಂದು ಅವನಿಗೆ ತೋರಿತು. ಒಂದು ಖಂಡವನ್ನು ಸೈಕಲ್ಲಿನಲ್ಲಿ ದಾಟಿ ಬಂದವನಿಗೆ ಆ 100 ಮೀಟರ್ ಎಷ್ಟು ದೊಡ್ಡ ಪ್ರಲೋಭನೆಯಾಗಿದ್ದಿರಬೇಕು! ಅದಾದ ಒಂದೇ ವಾರದಲ್ಲಿ, ಮೇ 10 ಮತ್ತು 11ರ ಬಿರುಗಾಳಿಯಲ್ಲಿ ಅದೇ ಪರ್ವತದ ಮೇಲೆ ಎಂಟು ಮಂದಿ ಮಡಿದರು. ಕ್ರೊಪ್ ಮೇ 23ರಂದು ಮತ್ತೆ ಏರಿ ಶಿಖರವನ್ನು ಮುಟ್ಟಿದ.

ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ. ಅಂಥವರಿಗೆ ಜೊತೆಗಾರನೇ ಇಲ್ಲವಾದ್ದರಿಂದ ನೆಪ ಹೇಳಬೇಕಾದವರೂ ಇಲ್ಲ, ಕೇಳಬೇಕಾದವರೂ ಇಲ್ಲ. ಅಮೆರಿಕದ ಅಲೆಕ್ಸ್ ಹಾನಲ್ಡ್ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು 2017ರ ಜೂನ್ 3ರಂದು ಹಗ್ಗವಿಲ್ಲದೆ ಏರಿದ್ದು ಜಗತ್ತಿಗೆಲ್ಲ ತಿಳಿದಿದೆ. ಹಿಂದಿನ ವರ್ಷ ಅವನು ಅದೇ ಬಂಡೆಯನ್ನು ಏರತೊಡಗಿ, ಸ್ವಲ್ಪ ದೂರ ಹೋಗಿ, ಮನಸ್ಸು ಒಪ್ಪದೆ ಹಿಂದಿರುಗಿದ್ದನೆಂಬುದು ಅಷ್ಟಾಗಿ ತಿಳಿದಿಲ್ಲ. ಚಿತ್ರೀಕರಿಸುವ ತಂಡವೊಂದು ಅದಕ್ಕಾಗಿಯೇ ಅಲ್ಲಿ ಸಿದ್ಧವಾಗಿತ್ತು. ಅಷ್ಟು ಕಣ್ಣುಗಳ ಮುಂದೆ ‘ಇಂದು ಬೇಡ’ ಎಂದು ಹೇಳುವುದಕ್ಕೆ ಬೇಕಾದ ಧೈರ್ಯ ಏರುವುದಕ್ಕೆ ಬೇಕಾದುದಕ್ಕಿಂತ ಕಡಿಮೆಯದೆಂದು ನಾನು ತಿಳಿಯಲಾರೆ.

ನಮ್ಮ ಇಡ್ಲಿ ಪಾತ್ರೆಯ ಯುವಕನಿಗೆ ಆ ಮಾತು ಬಾರದೆ ಹೋದ ದಿನದ ವಿಷಯವನ್ನು ಈಗ ಹೇಳಬೇಕು.

ಅದು ಡಿಸೆಂಬರಿನ ಒಂದು ಭಾನುವಾರ. ಸಾವನದುರ್ಗಕ್ಕೆ ಹೊರಡುವವರು ನಾಲ್ವರು. ಅವನು ಸಮಯಕ್ಕೆ ಮುಂಚೆಯೇ ಬಂದು ನಿಂತಿದ್ದ. ಮುಖ ಬಾಡಿತ್ತು, ಕಣ್ಣು ಕೆಂಪಾಗಿದ್ದವು. “ಏನಪ್ಪಾ, ನಿದ್ದೆ ಆಯ್ತಾ?” ಎಂದು ಟೂಲ್ ರೂಮಿನ ಹಿರಿಯರು ಕೇಳಿದರು. “ಹೂಂ ಸಾರ್, ಚೆನ್ನಾಗಿ ಆಯ್ತು” ಎಂದ. ಹಿರಿಯರು ಅವನ ಬೆನ್ನು ತಟ್ಟಿ, “ನೋಡ್ರಪ್ಪಾ, ಈ ಸಲ ಪಾತ್ರೆಯವಳು ಬರಲಿಲ್ಲ” ಎಂದು ನಗಿಸಿದರು.

ಬೆಳಗ್ಗೆ ಏಳೂವರೆಗೆ ಹಿರಿಯರೇ ಮೊದಲು ಏರತೊಡಗಿದರು. ಹಗ್ಗ ಹಿಡಿದವನು ಆ ಯುವಕ. ತಾನಾಗಿ ಬಿಗಿಯದ ಸಾದಾ ಸಾಧನವನ್ನು ಬಳಸುವಾಗ, ಹಗ್ಗ ಹಿಡಿದವನ ಹಿಂದೆ ಇನ್ನೊಬ್ಬ ಕುಳಿತು ಹಗ್ಗದ ಬಾಲವನ್ನು ಹಿಡಿದಿರಬೇಕೆಂದು ನಮಗೆ ಕಲಿಸಿದವರು ಹೇಳಿದ್ದರು. ಅನೇಕರು ಇದನ್ನು ಹೊಸಬರಿಗೆ ಮಾತ್ರವೆಂದು ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಅದು ಉಳಿದುಬಂದಿತ್ತು. ಅಂದು ಬಾಲ ನನ್ನ ಕೈಯಲ್ಲಿತ್ತು. ಕಾರ್ಖಾನೆಯ ಹತ್ತಿಯ ಕೈಗವಸು ತೊಟ್ಟಿದ್ದೆ.

ಹಿರಿಯರು ಮೂರನೆಯ ಬೋಲ್ಟನ್ನು ದಾಟಿ ಒಂದಾಳುದ್ದ ಮೇಲೆ ಹೋಗಿದ್ದಾಗ ಕಾಲು ಜಾರಿತು. ಸಾವನದುರ್ಗದ ಬಂಡೆಯಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಅಂಗಾಲಿನ ಘರ್ಷಣೆಯ ನಂಬಿಕೆಯ ಮೇಲೆಯೇ ನಿಂತಿರಬೇಕು. ಅದು ತಪ್ಪಿದರೆ ಮನುಷ್ಯ ಬಂಡೆಯನ್ನು ಉಜ್ಜಿಕೊಂಡೇ ಇಳಿಯುತ್ತಾನೆ. ಅವರು “ಟೈಟ್!” ಎಂದು ಕೂಗಿದ್ದು ನನಗೆ ಕೇಳಿಸಿತು. ನನ್ನ ಮುಂದೆ ನಿಂತಿದ್ದವನ ಕೈ ಅಲುಗಲಿಲ್ಲ. ಹಗ್ಗ ಅವನ ಸಡಿಲವಾದ ಬೆರಳುಗಳ ನಡುವಿನಿಂದ ಹರಿಯಿತು, ನನ್ನ ಕೈಗವಸಿನಲ್ಲಿ ಬಿಸಿಯಾಯಿತು, ನಿಂತಿತು. ನಿಂತ ನಂತರ ಅವನು ಬೆಚ್ಚಿ ಕಣ್ಣು ತೆರೆದ. ನಿಂತಲ್ಲಿಯೇ ಅವನಿಗೆ ಜೋಂಪು ಹತ್ತಿತ್ತು.

ಹಿರಿಯರು ಬೀಳಬೇಕಾದುದಕ್ಕಿಂತ ಮೂರು ನಾಲ್ಕು ಮೀಟರ್ ಹೆಚ್ಚು ಜಾರಿದ್ದರು. ಮೊಣಕಾಲು, ಅಂಗೈಗಳ ಚರ್ಮ ಕಿತ್ತುಬಂದಿತ್ತು. ಮೂಳೆ ಮುರಿದಿರಲಿಲ್ಲ. ಅವರನ್ನು ಇಳಿಸಿ ಕೂರಿಸಿ ನೀರು ಕೊಟ್ಟೆವು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ವಿಷಯ ಹೊರಬಂದಿತು. ಜೊತೆಯ ಕೆಲಸಗಾರನೊಬ್ಬ ಊರಿಗೆ ಹೋಗಿದ್ದರಿಂದ ಆ ಯುವಕ ಎರಡನೆಯ ಪಾಳಿ ಮುಗಿಸಿ, ಅದರ ಬೆನ್ನಿಗೇ ಬೆಳಗಿನ ನಾಲ್ಕರವರೆಗೆ ಓಟಿ ಮಾಡಿ, ಮನೆಗೂ ಹೋಗದೆ ಜಾಲಹಳ್ಳಿ ಕ್ರಾಸಿಗೆ ಬಂದಿದ್ದ. ಹಿಂದಿನ ರಾತ್ರಿಯೂ ಹಾಗೆಯೇ ಆಗಿತ್ತು.

“ಯಾಕಪ್ಪಾ, ಒಂದು ಮಾತು ಹೇಳಬಾರದಿತ್ತಾ?” ಎಂದು ಹಿರಿಯರು ಕೇಳಿದರು. ಸಿಟ್ಟಿರಲಿಲ್ಲ.

“ಹೇಳಿದ್ರೆ ಬುಕ್ಕಲ್ಲಿ ಬರೀತಿದ್ರಿ ಸಾರ್” ಎಂದ ಅವನು.

ಈ ಉತ್ತರವನ್ನು ನಾನು ಅನೇಕ ದಿನ ತೂಗಿ ನೋಡಿದ್ದೇನೆ. ಆ ಪುಸ್ತಕದಲ್ಲಿ ಸುಳ್ಳು ನೆಪಕ್ಕೂ ನಿಜವಾದ ಕಾರಣಕ್ಕೂ ಇದ್ದುದು ಒಂದೇ ಅಂಕಣ. ಓಟಿ ಎಂದು ಬರೆದಿದ್ದರೂ ಓದುವವರು ನಗುತ್ತಿದ್ದರು. ಒಮ್ಮೆ ಇಡ್ಲಿ ಪಾತ್ರೆಯೆಂದು ಹೆಸರಾದವನ ಬಾಯಿಂದ ನಿಜ ಬಂದರೂ ಅದನ್ನು ನಿಜವೆಂದು ಕೊಳ್ಳುವವರಿರಲಿಲ್ಲ. ಹೀಗಾಗಿ, ನೆಪ ಹೇಳಿ ಮನೆಯಲ್ಲಿ ಮಲಗಿದ್ದರೆ ಯಾರಿಗೂ ಕೇಡಾಗದಿದ್ದ ದಿನದಂದು ಅವನು ನೆಪ ಹೇಳಲು ನಾಚಿ ಬಂದು ನಿಂತ. ಅವನ ಎಲ್ಲ ಸುಳ್ಳುಗಳಲ್ಲಿ ಅತ್ಯಂತ ಚಿಕ್ಕದು, ನಗು ಬಾರದಂಥದು, ‘ಹೂಂ ಸಾರ್’ ಎಂಬುದು. ಅಪಾಯ ಬಂದದ್ದು ಅದರಿಂದ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆಯಷ್ಟೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನ್ಯಾಸಾಪಹಾರ, ಅಂದರೆ ಒತ್ತೆಯಿಟ್ಟುದನ್ನು ಕಬಳಿಸುವುದು, ಅಚೌರ್ಯದ ಕೆಳಗೆ ಬಾರದೆ ಸತ್ಯದ ಕೆಳಗೆ ಏಕೆ ಬಂದಿತೆಂದು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ನನಗೆ ಸಂಶಯವಿತ್ತು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸಿ ಹೇಳಿದ್ದಾರೆ. ಹೊನ್ನನ್ನು ಒಪ್ಪಿಸಿ ಹೋದವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಸರಿ ಎಂದು ಒಪ್ಪಿಕೊಂಡುಬಿಡುತ್ತಾನೆ. ಅವನು ಏನನ್ನೂ ಕದಿಯಲು ಹೋಗಲಿಲ್ಲ. ಹೂಂ ಎಂದ, ಅಷ್ಟೆ. ಹಗ್ಗ ಕಟ್ಟಿಕೊಂಡು ಏರುವವನು ಕೆಳಗಿನವನಲ್ಲಿ ಒತ್ತೆಯಿಡುವುದು ತನ್ನ ಪ್ರಾಣವನ್ನು. ನಿದ್ದೆ ಆಯಿತೇ ಎಂದು ಕೇಳುವುದು ಆ ಲೆಕ್ಕವನ್ನು ಕೇಳಿದಂತೆ. ಅಂದಿನಿಂದ ಆ ಸೂತ್ರವನ್ನು ಓದುವಾಗಲೆಲ್ಲ ನನಗೆ ಹೊನ್ನಿನ ಗಂಟಿಗಿಂತ ಹಗ್ಗದ ಬಾಲವೇ ಕಣ್ಣಿಗೆ ಕಟ್ಟುತ್ತದೆ.

ಯುವಕನನ್ನೊಬ್ಬನನ್ನೇ ಇದರಲ್ಲಿ ದೂರುವುದು ನ್ಯಾಯವಲ್ಲ. ಲೆಕ್ಕ ಕೇಳುವವನು ನಗುತ್ತ ಕೇಳಿದರೆ ಉತ್ತರವೂ ನಗುವಿಗೆ ತಕ್ಕಂತೆಯೇ ಬರುತ್ತದೆ. ಹಿರಿಯರಿಗೆ ಇದು ನನಗಿಂತ ಮೊದಲೇ ಹೊಳೆದಿತ್ತು. ಮುಂದಿನ ವಾರ, ಅಂಗೈಗೆ ಪಟ್ಟಿ ಕಟ್ಟಿಕೊಂಡೇ, ನೋಟು ಪುಸ್ತಕವನ್ನು ತಂದು ಯುವಕನ ಕೈಗೆ ಕೊಟ್ಟು, “ಇದು ನಿನ್ನ ಹತ್ರ ಇರಲಿ, ಬರೆಯೋದು ಬಿಡೋದು ನಿನ್ನಿಷ್ಟ” ಎಂದರು. ಬರಲಾಗದವರು ‘ಇವತ್ತು ಆಗಲ್ಲ’ ಎಂದಷ್ಟೇ ತಿಳಿಸಿದರೆ ಸಾಕು, ಏಕೆಂದು ಯಾರೂ ಕೇಳಬಾರದು ಎಂದು ಗೊತ್ತುಮಾಡಿದರು.

ನಮ್ಮಲ್ಲಿ ಇಬ್ಬರಿಗೆ ಇದು ಒಪ್ಪಿಗೆಯಾಗಲಿಲ್ಲ. ಕತ್ತಲಲ್ಲಿ ಎದ್ದು ಬಂದು ನಿಂತವನಿಗೆ ಕಾರಣ ತಿಳಿಯುವ ಹಕ್ಕಿಲ್ಲವೇ ಎಂದು ಅವರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಕಾದವನ ಋಣ ಬರಲಾಗದವನ ಮೇಲೆ ಇದ್ದೇ ಇದೆ. ಆದರೆ ಅದನ್ನು ಕಾರಣದಿಂದ ತೀರಿಸುವುದಕ್ಕಿಂತ ಸಮಯದಿಂದ ತೀರಿಸುವುದು ಮೇಲೆಂದು ನನ್ನ ಅಭಿಪ್ರಾಯ. ಬೆಳಗಿನ 4.55ಕ್ಕೆ ಬಂದ ಸತ್ಯಕ್ಕಿಂತ ಹಿಂದಿನ ರಾತ್ರಿ ಬಂದ ನೆಪ ನನಗೆ ಹೆಚ್ಚು ಉಪಕಾರಿ. ನಾನು ಇನ್ನೊಬ್ಬನನ್ನು ಹುಡುಕಿಕೊಳ್ಳಬಲ್ಲೆ. ಕೊನೆಗೆ ಇಬ್ಬರ ಮಾತೂ ಉಳಿಯುವಂತೆ ರಾತ್ರಿ ಒಂಬತ್ತರ ಗಡಿ ಗೊತ್ತಾಯಿತು. ಒಂಬತ್ತರ ನಂತರ ಬರುವುದಿಲ್ಲವೆನ್ನುವವರು ಮುಂದಿನ ಭಾನುವಾರ ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಬೇಕು. ಓಟಿ ಮಾತ್ರ ಇದಕ್ಕೆ ಹೊರತು, ಏಕೆಂದರೆ ಪೀಣ್ಯದಲ್ಲಿ ಅದು ಒಂಬತ್ತು ಗಂಟೆಯನ್ನು ಕೇಳಿ ಬರುವುದಿಲ್ಲ.

ನಮ್ಮ ಕೆಲಸದಲ್ಲಿ ಗೋ, ನೋಗೋ ಎಂಬ ಗೇಜ್ ಇದೆ. ತಯಾರಾದ ವಸ್ತುವಿನ ರಂಧ್ರದೊಳಕ್ಕೆ ಅದರ ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ರಂಧ್ರ ಏಕೆ ದೊಡ್ಡದಾಯಿತೆಂದು ಗೇಜ್ ಕೇಳುವುದಿಲ್ಲ, ಆಪರೇಟರನ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ‘ಇವತ್ತು ಆಗಲ್ಲ’ ಎಂಬ ಮಾತು ನಮ್ಮ ನಡುವೆ ಕೆಲವು ತಿಂಗಳು ಹೀಗೆಯೇ ದುಡಿಯಿತು.

ವಿಚಿತ್ರವೆಂದರೆ, ಕಾರಣ ಕೇಳುವುದನ್ನು ಬಿಟ್ಟ ಮೇಲೆ ಕಾರಣಗಳು ತಾವಾಗಿಯೇ ಬರತೊಡಗಿದವು. ಮಗಳ ಶಾಲೆಯ ಶುಲ್ಕ ಕಟ್ಟಿ ಕೈ ಬರಿದಾಗಿದೆಯೆಂದು ಒಬ್ಬ ತಿಳಿಸಿದ. ಆ ತಿಂಗಳ ಅವನ ಪಾಲನ್ನು ಉಳಿದವರು ಸದ್ದಿಲ್ಲದೆ ಹಾಕಿದರು. ಲೆಕ್ಕಪತ್ರದ ಯುವಕನಂತೂ ಒಂದು ನಿಜವಾದ ಚತುರ್ದಶಿಯಂದು ನಿಜವಾಗಿ ಉಪವಾಸವಿದ್ದು, ಕ್ಯಾಲೆಂಡರಿನ ಚಿತ್ರವನ್ನು ಸಾಕ್ಷಿಯಾಗಿ ಕಳಿಸಿದ. ಪವರ್ ಪ್ರೆಸ್ಸಿನ ಗೆಳೆಯ ಒಂದು ಶನಿವಾರ ಸಂಜೆ ಏಳಕ್ಕೆ, ಒಂಬತ್ತರ ಗಡಿಗೆ ಎರಡು ಗಂಟೆ ಮುಂಚೆ, “ಸಾವನದುರ್ಗ ಅಂದ್ರೆ ಭಯ ಸಾರ್, ಎತ್ತರಕ್ಕೆ ಹೋದ್ರೆ ಕಾಲು ನಡುಗುತ್ತೆ” ಎಂದು ನನಗೆ ಫೋನಿನಲ್ಲಿ ಹೇಳಿದ. ಎಷ್ಟು ವರ್ಷಗಳಿಂದ ಎಂದು ಕೇಳಿದೆ. ಮೊದಲಿನಿಂದಲೂ ಎಂದ. ಈಗ ಅವನು ಸಾವನದುರ್ಗಕ್ಕೆ ಬರುತ್ತಾನೆ, ಏರುವುದಿಲ್ಲ. ಬುಡದಲ್ಲಿ ನಿಂತು ಹಗ್ಗ ಹಿಡಿಯುತ್ತಾನೆ. ಎತ್ತರಕ್ಕೆ ಅಂಜುವವನಾದ್ದರಿಂದ ಮೇಲಿನವನ ಒಂದೊಂದು ಹೆಜ್ಜೆಯನ್ನೂ ಕಣ್ಣು ಮಿಟುಕಿಸದೆ ನೋಡುತ್ತಾನೆ. ಉದ್ದನೆಯ ದಾರಿಗಳ ಮೊದಲ ಹಂತಕ್ಕೆ ಹಗ್ಗವನ್ನು ಅವನ ಕೈಗೆ ಕೊಡಲು ನಮ್ಮಲ್ಲಿ ಸ್ಪರ್ಧೆಯೇ ಇದೆ.

ನೋಟು ಪುಸ್ತಕ ಬಹಳ ದಿನ ಯುವಕನ ಟೂಲ್ ಪೆಟ್ಟಿಗೆಯಲ್ಲಿ ಮುಚ್ಚಿಯೇ ಇತ್ತು. ಆಯುಧಪೂಜೆ ಹತ್ತಿರವಾದಾಗ ಲೋಟ ಯಾರಿಗೆಂಬ ಪ್ರಶ್ನೆ ಎದ್ದಿತು. ನೆಪಗಳಿಲ್ಲದೆ ಭಾನುವಾರಗಳು ಸಪ್ಪೆಯಾಗಿವೆಯೆಂದು ಮೊದಲು ಗೊಣಗಿದವರು ಹಿರಿಯರೇ. ಯುವಕ ಒಂದು ಉಪಾಯ ಹೂಡಿ, ಪುಸ್ತಕದಲ್ಲಿ ಐದನೆಯ ಅಂಕಣವೊಂದನ್ನು ಗೆರೆಯೆಳೆದು ತಂದ. ನಿಜವನ್ನು ಅದರಲ್ಲಿ ಬರೆಯಬೇಕು. ನೆಪ ಬೇಕಾದವರು ಅದನ್ನೂ ಪಕ್ಕದಲ್ಲಿ ಬರೆಯಿಸಬಹುದು. ಹಾಗೆ ಬಂದ ಮೊದಲ ನಮೂದು ಅವನದೇ ಬರಹದಲ್ಲಿದೆ. ಬೆಟ್ಟ: ಸಾವನದುರ್ಗ. ನಿಜ: ಎರಡು ರಾತ್ರಿ ಓಟಿ, ನಿದ್ದೆಯಿಲ್ಲ. ನೆಪ: ಪಾತ್ರೆಯವಳು ಈ ಸಲ 60 ಮೀಟರ್ ಹಗ್ಗವನ್ನೇ ಒಯ್ದು ಕುಕ್ಕರ್ ಕೊಟ್ಟಿದ್ದಾಳೆ, ಸೀಟಿ ಮಾತ್ರ ಮುಂದಿನ ವಾರ ಕೊಡುತ್ತಾಳಂತೆ.